ನೋಡಲು ಹೋದವರನ್ನು ಹಳಿಯಬೇಡಿ

ವಿದೇಶ ಪ್ರವಾಸ ಮುಗಿಸಿ ಬಂದವರನ್ನು ಅಳೆಯಲು ನಮ್ಮಲ್ಲಿ ಈಚೆಗೆ ಒಂದು ಹೊಸ ಅಳತೆಗೋಲು ಹುಟ್ಟಿದೆ. ಗುಂಪಿನ ಜೊತೆ ಬಸ್ಸು ಹತ್ತಿದವರು, ಎಲ್ಲರೂ ನೋಡುವ ಅರಮನೆಯನ್ನೇ ನೋಡಿದವರು, ಎಲ್ಲರೂ ಕೊಳ್ಳುವ ಗೊಂಬೆಯನ್ನೇ ಕೊಂಡವರು, ಸಂಜೆ ಎಲ್ಲರೂ ಹೋಗುವ ಬ್ಯಾಲೆಗೇ ಹೋದವರು ಏನನ್ನೂ ನೋಡಲಿಲ್ಲವಂತೆ. ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಹೋಗಿ, ಹೆಸರು ಕೇಳದ ಗಲ್ಲಿಯ ಹೆಸರಿಲ್ಲದ ಹೋಟೆಲಿನಲ್ಲಿ ಉಂಡು ಬಂದವರಿಗೆ ಮಾತ್ರ ದೇಶ ಕಂಡಿತಂತೆ. ಪ್ರವಾಸದ ವಿಡಿಯೋಗಳಲ್ಲಿ ಈ ಮಾತು, ವಾರಪತ್ರಿಕೆಯ ಅಂಕಣದಲ್ಲಿ ಈ ಮಾತು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಇದೇ ಮಾತು. ‘ಟೂರಿಸ್ಟ್ ಥರ ಹೋಗಬೇಡಿ, ಅಲ್ಲಿಯವರ ಥರ ಬದುಕಿ ಬನ್ನಿ’ ಎಂಬ ಉಪದೇಶವನ್ನು ಯಾರೂ ಕೇಳದೆ ಕೊಡುತ್ತಾರೆ, ಯಾರೂ ಪ್ರಶ್ನಿಸದೆ ಕೇಳಿಸಿಕೊಳ್ಳುತ್ತಾರೆ. ಈ ನಂಬಿಕೆ ಸುಳ್ಳು ಎಂಬುದು ನನ್ನ ವಾದ. ಸುಳ್ಳು ಮಾತ್ರವಲ್ಲ, ಬದುಕಿನಲ್ಲಿ ಒಮ್ಮೆ ಹೊರದೇಶ ಕಂಡು ಬಂದವರ ಸಂತೋಷಕ್ಕೆ ಮಣ್ಣು ಹಾಕುವ ಕೆಲಸ ಅದು.

ಮಾತು ಗಾಳಿಯಲ್ಲಿ ತೇಲಿಹೋಗದಿರಲೆಂದು ಒಂದೇ ಊರನ್ನು ಹಿಡಿದು ಹೇಳುತ್ತೇನೆ. ಸೇಂಟ್ ಪೀಟರ್ಸ್‌ಬರ್ಗ್. ನಮ್ಮ ಕಡೆಯ ಗುಂಪುಗಳಿಗೆ ಅಲ್ಲಿನ ಒಂದು ದಿನ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಿಗ್ಗೆ ಹರ್ಮಿಟೇಜ್ ಮ್ಯೂಸಿಯಂ, ಮಧ್ಯಾಹ್ನ ಗ್ರಿಬೊಯೆದೊವ್ ಕಾಲುವೆಯ ದಡದ ಬಣ್ಣಬಣ್ಣದ ಗೋಪುರಗಳ ಚರ್ಚು, ಅದರ ಪಕ್ಕದ ಸಂತೆಯಲ್ಲಿ ಗೊಂಬೆ ವ್ಯಾಪಾರ, ಸಂಜೆ ‘ಸ್ವಾನ್ ಲೇಕ್’ ಬ್ಯಾಲೆ. ಉಕ್ರೇನ್ ಯುದ್ಧ ನಡೆಯುತ್ತಿರುವಾಗ ರಷ್ಯಾಕ್ಕೆ ಹೋಗಬೇಕೇ ಎಂಬುದು ಬೇರೆಯದೇ ಪ್ರಶ್ನೆ. ಹೋಗುವುದಿಲ್ಲ ಎಂದವರ ಮನಸ್ಸಾಕ್ಷಿಯನ್ನು ಗೌರವಿಸುತ್ತೇನೆ. ನನ್ನ ಜಗಳ ಇರುವುದು, ಹೋಗುವುದೇನೋ ಸರಿ, ಹೀಗೆ ಹೋಗುವುದು ತಪ್ಪು ಎನ್ನುವವರ ಜೊತೆ.

ಅವರ ಮೊದಲ ಆರೋಪ, ಇದೆಲ್ಲ ಹೊರಗಿನವರಿಗೆ ತೋರಿಸಲೆಂದು ಮಾಡಿಟ್ಟದ್ದು, ಅಸಲಿ ರಷ್ಯಾ ಬೇರೆಲ್ಲೋ ಇದೆ ಎಂಬುದು. ಈ ಊರಿನ ಚರಿತ್ರೆಯನ್ನು ಒಂದು ಪುಟ ತಿರುವಿದರೂ ಈ ಆರೋಪ ನಿಲ್ಲುವುದಿಲ್ಲ. ದೊರೆ ಪೀಟರ್ 1697ರಲ್ಲಿ ಹೆಸರು ಮರೆಸಿಕೊಂಡು ಪಶ್ಚಿಮ ಯೂರೋಪಿಗೆ ಹೋದ. ಹಾಲೆಂಡಿನ ಹಡಗುಕಟ್ಟೆಗಳಲ್ಲಿ ಕೈಯಾರೆ ಕೆಲಸ ಮಾಡಿದ, ಲಂಡನ್ ನೋಡಿದ, ಕಂಡದ್ದಕ್ಕೆಲ್ಲ ಬೆರಗಾದ. ಹಿಂದಿರುಗಿದವನು 1703ರಲ್ಲಿ ನೆವಾ ನದಿಯ ಮುಖಜಭೂಮಿಯಲ್ಲಿ, ಜೌಗಿನ ಮೇಲೆ, ತಾನು ಕಂಡದ್ದರಂಥ ಊರೊಂದನ್ನು ಕಟ್ಟಿಸಲು ತೊಡಗಿದ. 1717ರಲ್ಲಿ ಮತ್ತೆ ಆಮ್‌ಸ್ಟರ್‌ಡ್ಯಾಮಿಗೆ ಹೋದಾಗ ಫ್ರೆಡೆರಿಕ್ ರೂಯಿಷ್ ಎಂಬ ವೈದ್ಯನ ವಿಚಿತ್ರ ವಸ್ತುಗಳ ಸಂಗ್ರಹವನ್ನು ಇಡಿಯಾಗಿ ಕೊಂಡು ತಂದ. ಅದು ಇಂದಿಗೂ ಆ ಊರಿನ ಕುನ್ಸ್ಟ್‌ಕಾಮೆರಾ ಮ್ಯೂಸಿಯಮ್ಮಿನಲ್ಲಿದೆ. ಚಳಿಗಾಲದ ಅರಮನೆಯ ಶಿಲ್ಪಿ ರಾಸ್ಟ್ರೆಲ್ಲಿ ಇಟಲಿಯ ಮನೆತನದವನು. ಮಾರಿಯಿನ್‌ಸ್ಕಿ ರಂಗಮಂದಿರವನ್ನು ಕಟ್ಟಿದ ಕಾವೋಸನ ತಂದೆ ವೆನಿಸ್ಸಿನಿಂದ ಬಂದ ಸಂಗೀತಗಾರ. ಹೊರದೇಶ ನೋಡಿ ಮರುಳಾದ ಪ್ರವಾಸಿಯೊಬ್ಬ, ಹೊರದೇಶದವರ ಕೈಯಿಂದ, ಹೊರದೇಶದವರು ಬಂದು ನೋಡಲಿ ಎಂದೇ ಕಟ್ಟಿಸಿದ ಊರು ಇದು. ಇದನ್ನು ಹೊರಗಿನವರಾಗಿ ನಿಂತು ಬೆರಗಿನಿಂದ ನೋಡುವುದಕ್ಕಿಂತ ಹೆಚ್ಚು ಅಸಲಿಯಾದ ನೋಟ ಯಾವುದು?

ಹರ್ಮಿಟೇಜಿನ ಹುಟ್ಟೂ ಖರೀದಿಯಿಂದಲೇ. ಬರ್ಲಿನ್ನಿನ ವ್ಯಾಪಾರಿಯೊಬ್ಬ ಪ್ರಷ್ಯಾದ ದೊರೆ ಫ್ರೆಡೆರಿಕ್‌ಗಾಗಿ ಕೂಡಿಹಾಕಿದ್ದ ಚಿತ್ರಗಳನ್ನು, ಆ ದೊರೆ ಯುದ್ಧದ ಖರ್ಚಿನಲ್ಲಿ ಕೊಳ್ಳಲಾಗದೆ ಕೈಬಿಟ್ಟಾಗ, 1764ರಲ್ಲಿ ರಾಣಿ ಕ್ಯಾಥರೀನ್ ತರಿಸಿಕೊಂಡಳು. ವ್ಯಾಟಿಕನ್ನಿನಲ್ಲಿ ರಾಫೆಲ್ ಚಿತ್ರಿಸಿದ ಮೊಗಸಾಲೆಯ ಅಚ್ಚುಚಿತ್ರಗಳನ್ನು ನೋಡಿ, ರೋಮಿಗೆ ಕಾಲಿಡದೆಯೇ, ಅದರ ಯಥಾವತ್ತು ಪ್ರತಿಯನ್ನು ತನ್ನ ಅರಮನೆಗೆ ಸೇರಿದಂತೆ ಕಟ್ಟಿಸಿದಳು. ಇಂದು ಜನ ಕತ್ತೆತ್ತಿ ನೋಡುತ್ತ ದಾಟುವ ಆ ಉದ್ದನೆಯ ಮೊಗಸಾಲೆ ಪೂರ್ತಿ ನಕಲು, ಪೂರ್ತಿ ಸುಂದರ.

‘ಎರಡು ಗಂಟೆಯಲ್ಲಿ ಹರ್ಮಿಟೇಜ್ ನೋಡಿದರಂತೆ’ ಎಂದು ಮೂಗು ಮುರಿಯುತ್ತಾರೆ. ಅಲ್ಲಿರುವ ವಸ್ತುಗಳು ಸುಮಾರು 30 ಲಕ್ಷ. ಒಂದೊಂದರ ಮುಂದೆ ಒಂದೊಂದು ನಿಮಿಷ, ಹಗಲು ರಾತ್ರಿ ಬಿಡುವಿಲ್ಲದೆ ನಿಂತರೂ ಐದು ವರ್ಷ ಮೀರುತ್ತದೆ. ಆ ಊರಿನಲ್ಲೇ ಹುಟ್ಟಿ ಬೆಳೆದವರೂ ಅದನ್ನು ಪೂರ್ತಿ ನೋಡಿಲ್ಲ. ಎರಡು ಗಂಟೆ ಕಡಿಮೆ, ಒಪ್ಪುತ್ತೇನೆ. ಆದರೆ ಎರಡು ಗಂಟೆಯಲ್ಲಿ ರೆಂಬ್ರಾಂಟನ ‘ದಾರಿ ತಪ್ಪಿದ ಮಗನ ಮರಳಿಕೆ’ಯ ಮುಂದೆ ಹತ್ತು ನಿಮಿಷ ನಿಲ್ಲಬಹುದು. ಮಂಡಿಯೂರಿದ ಮಗ ನಮಗೆ ಬೆನ್ನು ಕೊಟ್ಟಿದ್ದಾನೆ. ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದು, ಸವೆದ ಅಂಗಾಲು ಕಾಣುತ್ತದೆ. ತಂದೆಯ ಎರಡು ಕೈಗಳೂ ಅವನ ಬೆನ್ನ ಮೇಲಿವೆ. ಆ ಅಂಗಾಲನ್ನು ನೋಡಿ ಗಂಟಲು ಕಟ್ಟಲು ಕಲೆಯ ಚರಿತ್ರೆ ಓದಿರಬೇಕಿಲ್ಲ, ಊರಿನಲ್ಲಿ ಮೂರು ತಿಂಗಳು ಬಾಡಿಗೆಗಿದ್ದಿರಬೇಕಿಲ್ಲ. ಮಗನನ್ನು ದೂರದ ದೇಶಕ್ಕೆ ಕಳಿಸಿ ಕಾದ ತಂದೆತಾಯಿಗೆ ಅಷ್ಟೇ ಸಾಕು, ಅಂಥವರು ನಮ್ಮ ಪ್ರವಾಸದ ಬಸ್ಸುಗಳಲ್ಲಿ ತುಂಬ ಜನ ಇರುತ್ತಾರೆ.

ಅದೇ ಕಟ್ಟಡದಲ್ಲಿ 1941ರಲ್ಲಿ ಶುರುವಾದ ಜರ್ಮನ್ ಸೇನೆಯ ಮುತ್ತಿಗೆಯ ದಿನಗಳಲ್ಲಿ ನಡೆದದ್ದನ್ನೂ ಇಲ್ಲಿ ಹೇಳಬೇಕು. ಹತ್ತು ಲಕ್ಷಕ್ಕೂ ಮೀರಿದ ವಸ್ತುಗಳನ್ನು ರೈಲಿನಲ್ಲಿ ಉರಲ್ ಪರ್ವತದ ಕಡೆಗೆ ಸಾಗಿಸಿದ್ದರು. ಗೋಡೆಯ ಮೇಲೆ ಚೌಕಟ್ಟುಗಳನ್ನು ಮಾತ್ರ ಬಿಟ್ಟಿದ್ದರು, ಮರಳಿ ಬಂದಾಗ ಯಾವುದು ಎಲ್ಲಿಗೆ ಎಂದು ತಿಳಿಯಲಿ ಎಂದು. ಬಾಂಬಿಗೆ ಕಿಟಕಿ ಒಡೆದು ಹಿಮ ತುಂಬಿದ ಕೋಣೆಗಳನ್ನು ಶುಚಿಮಾಡಲು ಬಂದ ಸೈನಿಕ ಹುಡುಗರಿಗೆ ಅಲ್ಲಿನ ಮಾರ್ಗದರ್ಶಕ ಪಾವೆಲ್ ಗುಬ್ಚೆವ್‌ಸ್ಕಿ, ಕೃತಜ್ಞತೆಯಿಂದ, ಮ್ಯೂಸಿಯಂ ತೋರಿಸಿದ. ಖಾಲಿ ಚೌಕಟ್ಟುಗಳ ಮುಂದೆ ನಿಲ್ಲಿಸಿ, ಇಲ್ಲಿ ಇಂಥ ಚಿತ್ರವಿತ್ತು, ಬೆಳಕು ಈ ಕಡೆಯಿಂದ ಬೀಳುತ್ತಿತ್ತು ಎಂದು ನೆನಪಿನಿಂದ ವರ್ಣಿಸಿದ. ಮ್ಯೂಸಿಯಂ ಎಂದರೆ ಏನೆಂದೇ ಅರಿಯದ ಹುಡುಗರಿಗೆ ಹಸಿದ ಮನುಷ್ಯನೊಬ್ಬ ಇಲ್ಲದ ಚಿತ್ರಗಳನ್ನು ತೋರಿಸಿದ ಜಾಗ ಅದು. ಬಂದವರ ಯೋಗ್ಯತೆಯನ್ನು ಆತ ಕೇಳಲಿಲ್ಲ.

ಇನ್ನು ಖರೀದಿಯ ವಿಷಯ. ಎಲ್ಲಕ್ಕಿಂತ ಹೆಚ್ಚು ಹಂಗಿಸಿಕೊಳ್ಳುವುದು ಇದೇ. ಒಂದರೊಳಗೊಂದು ಕೂರುವ ಮತ್ರ್ಯೋಷ್ಕಾ ಗೊಂಬೆಯನ್ನು ಕೊಂಡವರು ಪ್ರವಾಸಿಗರಿಗೆಂದು ಹೆಣೆದ ಬಲೆಗೆ ಬಿದ್ದರಂತೆ, ಅದು ರಷ್ಯಾದ ಅಸಲಿ ಜನಪದವಲ್ಲವಂತೆ. ನಿಜ, ಅದು ಪ್ರಾಚೀನವಲ್ಲ. 1890ರ ದಶಕದಲ್ಲಿ ಮಾಸ್ಕೋದ ಮಾಮೊಂತೊವ್ ಮನೆತನದ ಆಟಿಕೆ ಕಾರ್ಯಾಗಾರದಲ್ಲಿ ಹುಟ್ಟಿದ್ದು. ಕಡೆದವನು ವಸೀಲಿ ಜ್ವ್ಯೋಜ್ದೊಚ್ಕಿನ್, ಬಣ್ಣ ಬರೆದವನು ಚಿತ್ರಕಾರ ಸೆರ್ಗೇ ಮಲ್ಯೂತಿನ್. ಜಪಾನಿನ ಗೊಂಬೆಯೊಂದು ಪ್ರೇರಣೆ ಎನ್ನುತ್ತಾರೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಪದಕ ಗೆದ್ದ ಮೇಲೆ ಅದು ಜಗತ್ತಿಗೆ ಹರಡಿತು. ಹಾಗೆಂದು ಅದು ಸುಳ್ಳೇ? ನಮ್ಮ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವವರ ಕಸುಬಿಗೂ ಹೊರಗಿನ ನಂಟಿದೆ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಮಾತಿದೆ, ಜಪಾನಿನ ಆಟಿಕೆ ತಂತ್ರವನ್ನು ತಂದವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಿಸಿ ಮಗುವಿಗೆ ಒಂದು ಬುಗುರಿ ಕೊಂಡ ಹೊರರಾಜ್ಯದವರನ್ನು ನಾವು ಬಲೆಗೆ ಬಿದ್ದವರೆಂದು ಹಂಗಿಸುತ್ತೇವೆಯೇ? ಅವರು ಕೊಳ್ಳುವುದರಿಂದಲೇ ಆ ಚರಕಿಗಳು ಇನ್ನೂ ತಿರುಗುತ್ತಿವೆ.

ಮತ್ರ್ಯೋಷ್ಕಾ ಗೊಂಬೆಯನ್ನು ಮಾಡುವ ಬಗೆ ತಿಳಿದವರು ಅದನ್ನು ಕೀಳಾಗಿ ಕಾಣಲಾರರು. ಲಿಂಡನ್ ಮರದ ದಿಮ್ಮಿಯನ್ನು ಕೆಲವು ವರ್ಷ ಗಾಳಿಗೆ ಒಣಗಿಸಬೇಕು. ಮೊದಲು ಕಡೆಯುವುದು ತೆರೆಯಲು ಬಾರದ ಅತಿ ಪುಟ್ಟ ಗೊಂಬೆಯನ್ನು. ಅದರ ಅಳತೆಗೆ ತಕ್ಕಂತೆ ಅದರ ಮೇಲಿನದು, ಆಮೇಲೆ ಅದಕ್ಕೂ ಮೇಲಿನದು. ಪಳಗಿದ ಕೈಗೆ ಅಳತೆಪಟ್ಟಿ ಬೇಡ, ಕಣ್ಣೇ ಅಳತೆ. ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಸಡಿಲವೂ ಆಗದೆ ಬಿಗಿಯೂ ಆಗದೆ ಕೂರಬೇಕು. ಸಂತೆಯಲ್ಲಿ ಕಾರ್ಖಾನೆಯ ಮುದ್ರಿತ ಗೊಂಬೆಗಳೂ ಇರುತ್ತವೆ, ನಿಜ. ತೆರೆದು ಮುಚ್ಚಿ ನೋಡಿ, ಒಳಗಿನವುಗಳ ಮುಖದ ಗೆರೆ ಹೊರಗಿನದರಷ್ಟೇ ಶ್ರದ್ಧೆಯಿಂದ ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿ ಕೊಳ್ಳುವ ನಮ್ಮ ಹೆಂಗಸರಿಗೆ ಆ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಸೀರೆಯ ಸೆರಗನ್ನು ತಿರುಗಿಸಿ ನೇಯ್ಗೆ ನೋಡಿದ ಕಣ್ಣುಗಳು ಅವು.

ನೀಲಿ ಬಲೆಯ ವಿನ್ಯಾಸದ ಪಿಂಗಾಣಿ ಬಟ್ಟಲುಗಳೂ ಅಲ್ಲಿನ ಅಂಗಡಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಬಿಳಿಯ ಮೇಲೆ ಕೋಬಾಲ್ಟ್ ನೀಲಿಯ ಓರೆ ಗೆರೆಗಳು, ಗೆರೆ ಕೂಡಿದಲ್ಲೆಲ್ಲ ಒಂದು ಚಿನ್ನದ ಚುಕ್ಕೆ. 1744ರಲ್ಲಿ ಶುರುವಾದ ಅರಸು ಕಾರ್ಖಾನೆಯದು. ವಿನ್ಯಾಸ ಆನಾ ಯಾಟ್ಸ್‌ಕೆವಿಚ್ ಎಂಬ ಕಲಾವಿದೆಯದು. 872 ದಿನಗಳ ಆ ಮುತ್ತಿಗೆಯಲ್ಲಿ ಆಕೆ ಊರು ಬಿಡಲಿಲ್ಲ. ಪಿಂಗಾಣಿಗೆ ಬಳಿಯುವ ಬಣ್ಣವನ್ನೇ ಬಳಸಿ ಶತ್ರುವಿಮಾನಗಳಿಗೆ ಕಾಣದಂತೆ ಹಡಗುಗಳಿಗೆ ಮರೆವೇಷ ಹಾಕುವ ಕೆಲಸ ಮಾಡಿದಳು. ಬಾಂಬಿಗೆ ಗಾಜು ಚೂರಾಗಿ ಹಾರದಿರಲೆಂದು ಕಿಟಕಿಗಳಿಗೆ ಓರೆಯಾಗಿ ಅಂಟಿಸುತ್ತಿದ್ದ ಕಾಗದದ ಪಟ್ಟಿಗಳೇ ಆ ನೀಲಿ ಬಲೆ ಎನ್ನುವವರಿದ್ದಾರೆ. ಆಕೆ ತೀರಿಕೊಂಡದ್ದು 1952ರಲ್ಲಿ, ಆ ವಿನ್ಯಾಸಕ್ಕೆ ಬ್ರಸೆಲ್ಸ್‌ನಲ್ಲಿ ಚಿನ್ನದ ಪದಕ ಬಂದದ್ದು 1958ರಲ್ಲಿ. ಇಂಥ ಬಟ್ಟಲೊಂದನ್ನು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವಿಟ್ಟು ಶಿವಮೊಗ್ಗದವರೆಗೆ ತಂದವರು ಕಸ ಕೊಂಡು ತಂದರು ಎನ್ನುವ ಧೈರ್ಯ ಯಾರಿಗೆ ಬರುತ್ತದೋ ನನಗೆ ತಿಳಿಯದು.

ಬ್ಯಾಲೆಗೆ ಬರುತ್ತೇನೆ. ಇಲ್ಲಿ ಹಳಿಯುವವರು ಎರಡು ಕಡೆಯಿಂದ ಬರುತ್ತಾರೆ. ಒಂದು ಕಡೆಯವರು, ಸ್ವಾನ್ ಲೇಕ್ ಸವಕಲಾಗಿದೆ, ಟೂರಿಸ್ಟುಗಳಿಗೆ ಮಾತ್ರ ಎನ್ನುತ್ತಾರೆ. ಇನ್ನೊಂದು ಕಡೆಯವರು ನಮ್ಮವರೇ: ‘ನಮಗೇನು ಅರ್ಥವಾಗುತ್ತೆ, ಎಸಿಯಲ್ಲಿ ನಿದ್ದೆ ಹೊಡೆದು ಬರೋದಷ್ಟೇ.’

ಮೊದಲನೆಯದಕ್ಕೆ ಉತ್ತರ ಸುಲಭ. 1877ರಲ್ಲಿ ಮಾಸ್ಕೋದಲ್ಲಿ ಮೊದಲ ಸಲ ಆಡಿದಾಗ ಆ ಬ್ಯಾಲೆ ಹೆಸರು ಮಾಡಲಿಲ್ಲ. ಅದರ ಸಂಗೀತ ರಚಿಸಿದ ಚೈಕೋವ್‌ಸ್ಕಿ ಸತ್ತ ಮೇಲೆ, 1895ರಲ್ಲಿ, ಮಾರಿಯಿನ್‌ಸ್ಕಿಯಲ್ಲಿ ಅದಕ್ಕೆ ಮರುಹುಟ್ಟು ಕೊಟ್ಟವರು ಇಬ್ಬರು: ಮಾರ್ಸೇಯಲ್ಲಿ ಹುಟ್ಟಿದ ಫ್ರೆಂಚ್ ಮನುಷ್ಯ ಮಾರಿಯಸ್ ಪೆಟಿಪಾ, ಅವನ ನೆರಳಿನಲ್ಲೇ ಉಳಿದುಹೋದ ಲೆವ್ ಇವಾನೊವ್. ನಾಯಕಿಯಾಗಿ ಕುಣಿದವಳು ಇಟಲಿಯ ಪಿಯೆರಿನಾ ಲೆನ್ಯಾನಿ. ಮೂರನೆಯ ಅಂಕದಲ್ಲಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗುವ ಪರಿಪಾಠ ಅವಳಿಂದ ಬಂತು. ಅಂದಿನಿಂದ ಆ ಪಾತ್ರ ಮಾಡಿದವರೆಲ್ಲ ಆ 32ರ ಎದುರು ನಿಲ್ಲಲೇಬೇಕಾಯಿತು. ಕೂತವರಲ್ಲಿ ಎಷ್ಟು ಜನ ಪ್ರವಾಸಿಗರು ಎಂದು ನೋಡಿ ಯಾರ ಕಾಲೂ ಇಪ್ಪತ್ತಕ್ಕೆ ನಿಲ್ಲುವುದಿಲ್ಲ. ಸ್ಥಳೀಯರಿಗೆ ಇದು ಬೇಡವಾಗಿದೆ ಎನ್ನುವುದೂ ಸುಳ್ಳು. 1991ರ ಆಗಸ್ಟಿನಲ್ಲಿ ಅಧಿಕಾರ ಕಸಿಯುವ ಸಂಚು ನಡೆದು ಮಾಸ್ಕೋದ ಬೀದಿಗೆ ಟ್ಯಾಂಕುಗಳು ಬಂದಾಗ ಸರಕಾರಿ ಟೀವಿ ಮತ್ತೆ ಮತ್ತೆ ತೋರಿಸಿದ್ದು ಸ್ವಾನ್ ಲೇಕನ್ನೇ. ಆ ನಾಡಿನವರ ನೆನಪಿನಲ್ಲಿ ಅದು ಸೋವಿಯೆತ್ ಕಾಲದ ಕೊನೆಯ ಜೊತೆ ಬೆಸೆದುಹೋಗಿದೆ. ಇಂದಿಗೂ ಕೋಟುಗಳನ್ನು ಬಾಗಿಲ ಬಳಿಯ ಕೋಟುಕೋಣೆಯಲ್ಲಿ ಕೊಟ್ಟು ಒಳಬರುವವರಲ್ಲಿ, ಮೊಮ್ಮಗಳ ಜಡೆಗೆ ದೊಡ್ಡ ರಿಬ್ಬನ್ ಕಟ್ಟಿ ಕೈಹಿಡಿದು ತಂದ ಅಜ್ಜಿಯರು ಇದ್ದೇ ಇರುತ್ತಾರೆ.

‘ನಮಗೆ ಅರ್ಥವಾಗದು’ ಎಂಬುದು ಹೆಚ್ಚು ನೋಯಿಸುವ ಮಾತು, ಏಕೆಂದರೆ ನಮ್ಮವರು ಅದನ್ನು ನಂಬಿಯೂ ಬಿಟ್ಟಿದ್ದಾರೆ. ಅಲ್ಲಿನ ರಂಗಮಂದಿರವೊಂದರಲ್ಲಿ ನನ್ನ ಮುಂದಿನ ಸಾಲಿನಲ್ಲಿ ಸಾಗರದ ಕಡೆಯ ಇಬ್ಬರು ಹಿರಿಯ ಹೆಂಗಸರು ಕೂತಿದ್ದರು, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು. ಅವರನ್ನು ಕರೆತಂದ ಪ್ರವಾಸ ಸಂಸ್ಥೆಯವರು ಕತೆಯ ಒಂದು ಸಾಲನ್ನೂ ಹೇಳಿರಲಿಲ್ಲ. ಮೂರನೆಯ ಅಂಕದಲ್ಲಿ ಕಪ್ಪುಡುಗೆಯವಳು ಬಂದಳು. ಬಿಳಿ ಹಂಸ ಒಡೆಟ್, ಅವಳ ರೂಪ ತಳೆದು ರಾಜಕುಮಾರನನ್ನು ಮೋಸಗೊಳಿಸುವ ಒಡಿಲ್, ಎರಡನ್ನೂ ಕುಣಿಯುವವಳು ಒಬ್ಬಳೇ. ಕಿರಿಯಾಕೆ ಪಕ್ಕಕ್ಕೆ ವಾಲಿ ಪಿಸುಗುಟ್ಟಿದರು: ‘ನೋಡಿ ಅತ್ತಿಗೆ, ಇವಳು ಅವಳಲ್ಲ. ಮಾಯಾ ಶೂರ್ಪನಖಿ ಹಾಗೆ ಬಂದಿದಾಳೆ. ಆ ಹುಡುಗನಿಗೆ ಗೊತ್ತೇ ಆಗ್ಲಿಲ್ಲ!’ ರಾಜಕುಮಾರ ಎರಡು ಬೆರಳೆತ್ತಿ ಆಣೆ ಇಟ್ಟ. ‘ಅಯ್ಯೋ, ಕೆಟ್ಟ’ ಎಂದರು ಅತ್ತಿಗೆ. ಇಡೀ ನಾಟಕದ ಗಂಟು ಇರುವುದು ಆ ಆಣೆಯಲ್ಲಿ. ಅದು ಅವರ ಕೈಗೆ ಸಿಕ್ಕಿತ್ತು.

ಸಿಗದೆ ಏನು? ಮಾಯಾರೂಪ, ಶಾಪ, ಮರೆತ ಮಾತು, ಹಕ್ಕಿಯಾದ ಹೆಣ್ಣು, ಇವನ್ನೆಲ್ಲ ಬಯಲಾಟದಲ್ಲಿ ಬೆಳಗಿನವರೆಗೆ ಕೂತು ನೋಡಿದ ಜನ ನಾವು. ಹೆಜ್ಜೆಯನ್ನೂ ವೇಷವನ್ನೂ ಓದಬಲ್ಲೆವು, ಕುಣಿಯುವವರ ಉಸಿರು ಎಲ್ಲಿ ತಪ್ಪಿತು ಎಂದು ಹೇಳಬಲ್ಲೆವು. ಇವಾನೊವ್ ಜೋಡಿಸಿದ ನಾಲ್ಕು ಮರಿಹಂಸಗಳ ಕುಣಿತವನ್ನೇ ನೋಡಿ: ನಾಲ್ವರೂ ಕೈಗಳನ್ನು ಒಬ್ಬರಿಗೊಬ್ಬರು ಹೆಣೆದುಕೊಂಡು, ತಲೆಗಳನ್ನು ಒಟ್ಟಿಗೆ ತಿರುಗಿಸುತ್ತ, ಒಂದೇ ಲಯದಲ್ಲಿ ಅಡ್ಡಡ್ಡ ಸಾಗುತ್ತಾರೆ. ಕೈ ಕಟ್ಟಿಹೋಗಿರುವುದರಿಂದ ತೋಲ ತಪ್ಪಿದರೆ ಸರಿಪಡಿಸಿಕೊಳ್ಳಲು ಯಾರಿಗೂ ದಾರಿಯಿಲ್ಲ. ಮುಗಿಯುವ ಹೊತ್ತಿಗೆ ಇಡೀ ಸಭೆ ಉಸಿರು ಬಿಡುತ್ತದೆ, ಅದರಲ್ಲಿ ದೇಶಭಾಷೆಗಳ ಭೇದವಿಲ್ಲ. ಶಿವರಾಮ ಕಾರಂತರು ಯಕ್ಷಗಾನದ ಮಾತನ್ನು ಕಡಿಮೆ ಮಾಡಿ, ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿ, ಅದಕ್ಕೆ ಯಕ್ಷಗಾನ ಬ್ಯಾಲೆ ಎಂದೇ ಹೆಸರಿಟ್ಟು ವಿದೇಶಗಳಿಗೆ ಒಯ್ದರು. ಅಲ್ಲಿ ಕೂತು ನೋಡಿದವರಿಗೆ ಕನ್ನಡವೂ ಬರುತ್ತಿರಲಿಲ್ಲ, ಪ್ರಸಂಗವೂ ಗೊತ್ತಿರಲಿಲ್ಲ. ಅವರು ನೋಡಿದ್ದು ವ್ಯರ್ಥವೆಂದು ನಾವು ಯಾರೂ ಹೇಳಲಿಲ್ಲ, ಹೆಮ್ಮೆಪಟ್ಟೆವು.

ಅರಿಯದ ಕಣ್ಣು ನೋಡಿದ್ದರಿಂದ ಏನೇನು ಹುಟ್ಟಿದೆ ಎಂಬುದಕ್ಕೆ ಕುಣಿತದ ಚರಿತ್ರೆಯಲ್ಲೇ ಸಾಕ್ಷಿಯಿದೆ. 1838ರಲ್ಲಿ ಪುದುಚೇರಿ ಸಮೀಪದ ತಿರುವೇಂದಿಪುರದ ದೇವದಾಸಿಯರು ಪ್ಯಾರಿಸ್ಸಿನಲ್ಲಿ ಕುಣಿದರು. ಅವರಲ್ಲಿ ಅಮ್ಮಣಿ ಎಂಬಾಕೆಯನ್ನು ಕಂಡು ಕವಿ ತಿಯೋಫಿಲ್ ಗೋತಿಯೆ ಮರುಳಾಗಿ ಬರೆದ. ಮುಂದೆ 1858ರಲ್ಲಿ ಶಾಕುಂತಲದ ಕತೆಯನ್ನೇ ಬ್ಯಾಲೆಗೆ ಬರೆದುಕೊಟ್ಟ. ಅವನಿಗೆ ಭರತಶಾಸ್ತ್ರದ ಗಂಧವಿರಲಿಲ್ಲ. ಪೆಟಿಪಾ 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಂಗಕ್ಕೆ ತಂದ ‘ಲಾ ಬಯಾದೇರ್’ನ ಭಾರತ ನಾವು ಬಲ್ಲ ಭಾರತವಲ್ಲ, ಆ ತಪ್ಪುಗಳನ್ನು ತೋರಿಸಲೇಬೇಕು. ಆದರೆ ಅದೇ ಬ್ಯಾಲೆಯಲ್ಲಿ, ಸತ್ತ ನರ್ತಕಿಯ ನೆರಳುಗಳು ಒಂದರ ಹಿಂದೊಂದು ಇಳಿಜಾರಿನಲ್ಲಿ ಇಳಿದು ಬರುವ ದೃಶ್ಯ ಆ ಕಲೆಯ ಶಿಖರಗಳಲ್ಲಿ ಒಂದು. ಇನ್ನೊಂದು ದಿಕ್ಕಿನಿಂದಲೂ ಹೀಗೇ. ಮುಂಬಯಿಯಲ್ಲಿ ಆನಾ ಪಾವ್ಲೊವಾಳ ಕುಣಿತವನ್ನು ನೋಡುಗರ ನಡುವೆ ಕೂತು ನೋಡಿದ ರುಕ್ಮಿಣೀ ದೇವಿ, ಆಮೇಲೆ ಅವಳ ತಂಡದ ಕ್ಲಿಯೊ ನೋರ್ಡಿಯಿಂದ ಬ್ಯಾಲೆ ಕಲಿತರು. ನಿನ್ನ ನಾಡಿನ ಕುಣಿತವನ್ನು ಹುಡುಕು ಎಂದು ಅವರಿಗೆ ಹೇಳಿದವಳು ಪಾವ್ಲೊವಾ. ರುಕ್ಮಿಣೀ ದೇವಿ ಕಟ್ಟಿದ ಕಲಾಕ್ಷೇತ್ರ ನೃತ್ಯಶಾಲೆಯ ಹಿಂದೆ ಮಾರಿಯಿನ್‌ಸ್ಕಿಯಲ್ಲಿ ಬೆಳೆದ ನರ್ತಕಿಯೊಬ್ಬಳ ಒಂದು ಸಂಜೆಯ ಪ್ರದರ್ಶನವಿದೆ.

‘ಅಲ್ಲಿಯವರ ಥರ ಬದುಕಿ’ ಎಂಬ ಉಪದೇಶಕ್ಕೆ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ರಜೆ, ಮತ್ತು ವಯಸ್ಸು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯ ಹಣದಲ್ಲಿ ಒಂದು ಭಾಗ ಎತ್ತಿಟ್ಟು ಹೊರಟ ಮೇಡಂಗೆ, ಮಂಡಿನೋವಿನ ಗಂಡನ ಜೊತೆ, ಭಾಷೆ ಬಾರದ ಊರಿನಲ್ಲಿ ಒಂಟಿಯಾಗಿ ಅಲೆಯಿರಿ ಎನ್ನುವುದು ಎಂಥ ಸಲಹೆ? ಗುಂಪು, ಬಸ್ಸು, ಜೊತೆಗೆ ಬಂದ ಅಡುಗೆಯವರು ಬಡಿಸುವ ಅನ್ನ ಸಾರು, ಇವೆಲ್ಲ ಅವರನ್ನು ಅಲ್ಲಿಯವರೆಗೆ ಮುಟ್ಟಿಸಿದ ಆಸರೆಗಳು. ರಷ್ಯಾಕ್ಕೆ ಹೋಗಿಯೂ ಸಾರು ಅನ್ನ ತಿಂದರು ಎಂದು ನಗುವವರು, ಆ ಸಾರಿಲ್ಲದಿದ್ದರೆ ಅವರು ಹೊರಡುತ್ತಲೇ ಇರಲಿಲ್ಲ ಎಂಬುದನ್ನು ಯೋಚಿಸುವುದಿಲ್ಲ.

ಹಳಿಯುವವರು ಕೊನೆಯ ಅಸ್ತ್ರವಾಗಿ ಬಿಡುವುದು ಪ್ರವಾಸಿಗರ ದಟ್ಟಣೆಯ ಮಾತನ್ನು. ವೆನಿಸ್ 2024ರಿಂದ, ಗೊತ್ತುಪಡಿಸಿದ ದಿನಗಳಲ್ಲಿ, ಹಗಲು ಬಂದು ಹೋಗುವವರಿಗೆ ಶುಲ್ಕ ಹಾಕಿದೆ. ಆ ಊರಿನವರ ಸಂಕಟ ನಿಜ, ಶುಲ್ಕವೂ ನ್ಯಾಯ. ಆದರೆ ಬಾರ್ಸಿಲೋನಾ ಅದೇ ವರ್ಷ ಪ್ರಕಟಿಸಿದ್ದನ್ನೂ ಕೇಳಿ: ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಫ್ಲ್ಯಾಟುಗಳ ಪರವಾನಗಿಯನ್ನು 2028ರ ಹೊತ್ತಿಗೆ ಪೂರ್ತಿ ನಿಲ್ಲಿಸುವುದಾಗಿ. ಅಲ್ಲಿ ಬಾಡಿಗೆ ಏರಿ ಊರವರು ಮನೆ ಬಿಡಬೇಕಾದದ್ದಕ್ಕೆ ಹೋಟೆಲಿನಲ್ಲಿ ಮಲಗಿದ ಗುಂಪುಗಳು ಕಾರಣವಲ್ಲ. ‘ಅಲ್ಲಿಯವರ ಥರ’ ಬದುಕಲು ಅಲ್ಲಿಯವರ ಮನೆಯನ್ನೇ ಹಿಡಿದವರ ಪಾಲು ಅದರಲ್ಲಿ ದೊಡ್ಡದು.

ಹಳಿಯಲೇಬೇಕೆಂದಿದ್ದರೆ ಹಳಿಯಬೇಕಾದವರು ಬೇರೆ ಇದ್ದಾರೆ. ಹರ್ಮಿಟೇಜಿಗೆ ಎರಡು ಗಂಟೆ ಕೊಟ್ಟು, ಕಮಿಷನ್ ಸಿಗುವ ಅಂಗಡಿಗೆ ಮೂರು ಗಂಟೆ ಕೊಡುವ ಪ್ರವಾಸ ಸಂಸ್ಥೆಗಳನ್ನು ಹಳಿಯಿರಿ. ಬೆಳಗಿನ ಆರಕ್ಕೆ ಎಬ್ಬಿಸಿ ದಿನವಿಡೀ ನಡೆಸಿ, ಸುಸ್ತಾದ ಮುದಿ ಕಾಲುಗಳನ್ನು ಸಂಜೆ ಏಳಕ್ಕೆ ರಂಗಮಂದಿರದ ಬಾಲ್ಕನಿಗೆ ಹತ್ತಿಸಿ, ಆಮೇಲೆ ‘ನಮ್ಮವರು ನಿದ್ದೆ ಮಾಡ್ತಾರೆ’ ಎನ್ನುವ ಮ್ಯಾನೇಜರುಗಳನ್ನು ಹಳಿಯಿರಿ. ಲಕ್ಷಾಂತರ ರೂಪಾಯಿ ಕಟ್ಟಿಸಿಕೊಂಡವರು ಬ್ಯಾಲೆ ಇರುವ ದಿನ ಮಧ್ಯಾಹ್ನ ಎರಡು ಗಂಟೆ ವಿಶ್ರಾಂತಿ ಕೊಡಬಹುದು. ಒಡೆಟ್ ಯಾರು, ಒಡಿಲ್ ಯಾರು, ಎತ್ತಿದ ಎರಡು ಬೆರಳಿಗೆ ಏನರ್ಥ, ಕೊನೆಯಲ್ಲಿ ಹಳೆಯ ಕ್ರಮದಂತೆ ಪ್ರೇಮಿಗಳು ಕೊಳಕ್ಕೆ ಹಾರುತ್ತಾರೆಯೇ, ಸೋವಿಯೆತ್ ಕಾಲದ ಕ್ರಮದಂತೆ ಮಾಂತ್ರಿಕನ ರೆಕ್ಕೆ ಮುರಿದು ಗೆಲ್ಲುತ್ತಾರೆಯೇ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಬಸ್ಸಿನಲ್ಲೇ ಕೈಗೆ ಕೊಡಬಹುದು. ಮುಂದಿನ ಸಲ ಬುಕಿಂಗ್ ಮಾಡುವಾಗ ಊಟದ ಪಟ್ಟಿ ಕೇಳುವ ಹಾಗೆಯೇ ಆ ಹಾಳೆಯನ್ನೂ ಕೇಳಿ. ಕೊಡದವರಿಗೆ ಮುಂಗಡ ಕಟ್ಟಬೇಡಿ.